ಕಂಬಳಿಯಲ್ಲಿ ನಿಂತ ನೀರು

ನನ್ನ ಮದುವೆ ನಿಶ್ಚಯವಾದದ್ದು ಯುದ್ಧದ ಕಾಲದಲ್ಲಿ. ಸೀರೆಯನ್ನು ಹೇಗೋ ಕಂಟ್ರೋಲು ಅಂಗಡಿಯ ಮುಂದೆ ನಿಂತು ತಂದರು. ಹಸೆಗೆ ಹಾಸುವ ಕರಿ ಕಂಬಳಿ ಮಾತ್ರ ಕಿರುಗಾವಲಿನ ಕಡೆಯ ಮಗ್ಗದಿಂದಲೇ ಬರಬೇಕು, ನಮ್ಮಜ್ಜಿ ಅದನ್ನು ಒಪ್ಪಬೇಕು.

ಅಜ್ಜಿಯ ಪರೀಕ್ಷೆ ಹೀಗೆ: ನಾಲ್ವರು ನಾಲ್ಕು ಮೂಲೆ ಹಿಡಿದು ಕಂಬಳಿಯನ್ನು ತೊಟ್ಟಿಲಿನಂತೆ ಎತ್ತಬೇಕು. ಅದರೊಳಕ್ಕೆ ಒಂದು ಬಿಂದಿಗೆ ನೀರು. ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಳು. ಅದನ್ನು ಅಗಿದು ಉಗುಳುವ ತನಕ ಕೆಳಗೆ ಒಂದು ಹನಿಯೂ ಬೀಳಕೂಡದು. ಬಿತ್ತೋ, ಕಂಬಳಿ ವಾಪಸ್ಸು. ಆಮೇಲೆ ಊರಿನಲ್ಲಿ ಯಾರೂ ಆ ಮಗ್ಗದ ಕಡೆ ತಲೆ ಹಾಕುತ್ತಿರಲಿಲ್ಲ.

ಆ ಸಲ ಕಂಬಳಿ ಹೊತ್ತು ಬಂದವಳು ನೇಕಾರನ ಹೆಂಡತಿ.

“ನಿನ್ ಗಂಡ ಎಲ್ಲಿ ಕಣಮ್ಮಿ?” ಎಂದಳು ಅಜ್ಜಿ.

“ಚಳಿಜ್ವರ ಕಣವ್ವ. ಮೂರ್ ತಿಂಗ್ಳಾಯ್ತು ಮಗ್ಗಕ್ ಕೂರ್ದೆ.”

“ಮತ್ತೆ ಇದ ನೇದೋರ್ಯಾರು?”

“ನಾನೇಯ.”

ಹೆಂಗಸರು ಉಣ್ಣೆ ನೂಲುತ್ತಿದ್ದರು, ನೇಯುತ್ತಿದ್ದವರು ಗಂಡಸರು. ನನ್ನ ಚಿಕ್ಕಮ್ಮ ಸುಮ್ಮನಿರಲಿಲ್ಲ. “ಇವ್ಳು ನೇದಿದ್ರಲ್ಲಿ ನೀರಿರ್ಲಿ, ರಾಗಿನೂ ಸೋರೋಯ್ತದೆ.”

“ನಾನೇನ್ ಜರ್ಡಿ ತಂದಿಲ್ಲ ಕಣವ್ವ. ಉಯ್ದ್ ನೋಡಿ.”

ಅವ್ವ, ಅತ್ತಿಗೆ, ಚಿಕ್ಕಮ್ಮ, ನಾನು ಮೂಲೆ ಹಿಡಿದೆವು. ಒಳಗೆ ನೀರು ಹುಯ್ದದ್ದಾಯಿತು. ಅಜ್ಜಿ ಅಗಿಯತೊಡಗಿದಳು. ನೇದವಳು ಬಗ್ಗಿ ಕಂಬಳಿಯ ಅಡಿಯನ್ನೇ ನೋಡುತ್ತಿದ್ದಳು. ಮಲಗಿದ ಗಂಡ, ಮನೆಯ ಊಟ, ಎಲ್ಲ ಈಗ ಆ ಮಗ್ಗದ ಮೇಲೆಯೇ ನಿಂತಿತ್ತು.

ನನ್ನ ಕೈಯ ಹತ್ತಿರ ಅಡಿಯಲ್ಲಿ ತೇವ ಕಂಡಿತು. ನೋಡುತ್ತಿದ್ದಂತೆ ಅದು ಹನಿಗಟ್ಟಿತು. ಅಜ್ಜಿಯೂ ನೋಡಿದಳು. ಅದು ಬೀಳುವ ಮೊದಲೇ ತಟ್ಟನೆ ಎದ್ದು ಹಿತ್ತಿಲಿಗೆ ಹೋಗಿ ಉಗುಳಿ ಬಂದಳು.

“ಆಯ್ತು, ಚೆಲ್ರವ್ವ ನೀರ.”

“ಬಾಯಿ ಇನ್ನೂ ಕೆಂಪ್ಗೇ ಆಗಿಲ್ವಲ್ಲತ್ತೆ!” ಎಂದಳು ಚಿಕ್ಕಮ್ಮ.

“ಸುಣ್ಣ ಜಾಸ್ತಿಯಾಗಿ ನಾಲ್ಗೆ ಸುಟ್ಟೋಯ್ತು ಕಣಮ್ಮಿ. ನಿಂಗೇನು?”

ಆಮೇಲೆ ಅಜ್ಜಿ ನೇದವಳನ್ನು ಪಕ್ಕಕ್ಕೆ ಕರೆದು ಆ ಜಾಗವನ್ನು ಬೆರಳಿಟ್ಟು ತೋರಿಸಿದಳು. “ಇಲ್ಲಿ ಉಣ್ಸೆಬೀಜದ ಗಂಜಿ ಸರ್ಯಾಗ್ ಕುಡ್ದಿಲ್ಲ, ಅದ್ಕೇ ಎಳೆ ಸಂದು ಮುಚ್ಚಿಲ್ಲ. ಇನ್ನೊಂದ್ಸಲ ಬಳ್ದು ಬಿಸ್ಲಿಗಾಕು. ಮದ್ವೆಗಿನ್ನೂ ಎಂಟ್ ದಿನ ಅದೆ.”

ನೆನೆದು ಭಾರವಾದ ಕಂಬಳಿಯನ್ನು ಅವಳು ತಲೆಯ ಮೇಲೆ ಹೊತ್ತು ಹೊರಟಳು.

ಆರನೆಯ ದಿನ ಬಂದು ಜಗಲಿಯ ಮೇಲೆ ಕಂಬಳಿ ಇಳಿಸಿದಳು. ಬಿಂದಿಗೆಯನ್ನು ತಾನೇ ತುಂಬಿಸಿ ತಂದಳು. ಮತ್ತೆ ಪರೀಕ್ಷೆ ಬೇಡವೆಂದು ಅಜ್ಜಿ ಅಂದರೂ ಕೇಳಲಿಲ್ಲ.

“ಎಲೆ ಆಕ್ಕಳಿ ಅವ್ವ. ಸುಣ್ಣ ಮಾತ್ರ ಇವತ್ತು ನಾನೇ ಅಚ್ಚಿ ಕೊಡ್ತೀನಿ.”

ಅಜ್ಜಿ ನಕ್ಕು ಕೈ ಚಾಚಿದಳು. ಅವಳು ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು. ಅಂದು ಅಜ್ಜಿ ಎಷ್ಟು ಹೊತ್ತು ಅಗಿದಳೆಂದರೆ ನಮ್ಮ ನಾಲ್ವರ ಕೈಯೂ ಸೋತುಹೋಯಿತು. ಕಂಬಳಿಯ ಕೆಳಗಿನ ನೆಲ ಒಣಗಿಯೇ ಇತ್ತು.