ಮೈಲಿಗೆ ಬತ್ತಿಯ ಸೀರೆ

ಧಾರವಾಡದ ನಮ್ಮ ಮನೆಯಲ್ಲಿ ಅಪ್ಪನ ಕಚೇರಿ ಕಾಗದಗಳಿಗೂ ಇಲ್ಲದ ಕಾವಲು ಅಜ್ಜಿಯ ಹತ್ತಿ ಡಬ್ಬಿಗಿತ್ತು. ಅಜ್ಜಿ ಲಕ್ಷ ಬತ್ತಿಯ ಹರಕೆ ಹೊತ್ತಿದ್ದಳು. ದಿನವೂ ಸ್ನಾನ ಮಾಡಿ, ಮಡಿಯುಟ್ಟು, ಹತ್ತಿರದ ಸುಳ್ಳ ಎಂಬ ಊರಿನ ರೈತ ತಂದುಕೊಡುತ್ತಿದ್ದ ಹತ್ತಿಯನ್ನು ಬಿಡಿಸಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಲಕ್ಷ ತುಂಬಿದ ದಿನ ಎಲ್ಲವನ್ನೂ ತುಪ್ಪದಲ್ಲಿ ನೆನೆಸಿ ಗುಡಿಯಲ್ಲಿ ಹಚ್ಚಬೇಕು. ಸ್ನಾನ ಮಾಡದವರ ಕೈ ತಗುಲಿತೋ ಮೈಲಿಗೆ. ಆ ಬತ್ತಿ ದೇವರಿಗೆ ನಡೆಯುವುದಿಲ್ಲ. 'ಹುಡುಗಿ ಲಗ್ನ ಛಲೋತಂಗ ಆಗ್ಲಿ' ಎಂಬುದೇ ಹರಕೆ. ಆ ಹುಡುಗಿ ನಾನು.

ಅವ್ವ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಪ್ಪನ ತಾಯಿ, ಈ ಅಜ್ಜಿಯೇ. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನರು. ಒಳ್ಳೆಯವರು, ಆದರೆ ತಮ್ಮ ನೆರಳು ಕಂಡು ತಾವೇ ಹೆದರುವವರು. ಅದು ಮೂವತ್ತರ ದಶಕ; ಊರ ತುಂಬ ಗಾಂಧಿ ಟೋಪಿ. ಮನೆಯಲ್ಲಿ ಒಂದು ತುಂಡು ಖಾದಿ ಕಂಡರೂ ನೌಕರಿ ಹೋದೀತೆಂದು ಅಪ್ಪ ಚರಕ, ಖಾದಿ ಎರಡನ್ನೂ ಹೊಸಿಲಾಚೆಯೇ ನಿಲ್ಲಿಸಿದ್ದರು.

ಆದರೆ ಮನುಷ್ಯರನ್ನು ನಿಲ್ಲಿಸುವುದು ಅಷ್ಟು ಸುಲಭವಲ್ಲ. ನಮ್ಮ ಮನೆಗೆ ವಾರಾನ್ನದ ಹುಡುಗನೊಬ್ಬ ಬರುತ್ತಿದ್ದ. ಆ ಕಾಲದಲ್ಲಿ ಬಡ ವಿದ್ಯಾರ್ಥಿಗಳು ವಾರಕ್ಕೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಇವನದು ನಮ್ಮಲ್ಲಿ ಗುರುವಾರ. ಬಡಿಸುವವಳು ನಾನು. ಮೊದಲ ವರ್ಷವಿಡೀ ಅವನು ಎಲೆಯಿಂದ ತಲೆ ಎತ್ತಲಿಲ್ಲ. "ಸಾರು ಹಾಕ್ಲ್ಯಾ?" ಎಂದರೆ ಎಲೆಗೇ "ಹಾಕ್ರಿ" ಎಂದು ಹೇಳುತ್ತಿದ್ದ. ಎರಡನೆಯ ವರ್ಷ ಒಂದು ಗುರುವಾರ ತಲೆ ಎತ್ತಿ, ಸಾರು ಛಲೋ ಆಗಿದೆ ಎಂದ. ಅಂದು ಸಾರಿಗೆ ಉಪ್ಪು ಹಾಕಲು ನಾನು ಮರೆತಿದ್ದೆ. ನನಗೆ ಅವನು ಬೇಕಾಗಿದ್ದ. ಆಗ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಹೇಳಲು ಯಾರ ಅಂಜಿಕೆ?

ಮುಂದೆ ಅವನು ಕಾಲೇಜು ಬಿಟ್ಟು ಚಳವಳಿಗೆ ಸೇರಿದ, ಜೈಲಿಗೂ ಹೋದ. ನಮ್ಮ ಗುರುವಾರದ ಪಂಕ್ತಿಯಲ್ಲಿ ಒಂದು ಎಲೆ ಕಡಿಮೆಯಾಯಿತು. ಕೆಲವು ತಿಂಗಳ ಮೇಲೆ ಗೆಳತಿಯ ಕೈಯಲ್ಲಿ ಅವನದೊಂದು ಚೀಟಿ ಬಂತು. 'ಬಿಡುಗಡೆಯಾದ ಮೇಲೆ ನಿಮ್ಮ ತಂದೆಯವರನ್ನು ಕೇಳಲು ಬರುತ್ತೇನೆ. ನಿಮಗೆ ಒಪ್ಪಿಗೆ ಇದ್ದರೆ ಲಗ್ನದ ಸೀರೆಗೆ ನೂಲು ತೆಗೆಯಿರಿ.' ಇನ್ನೊಂದು ಸೌಟು ಸಾರು ಕೇಳಿದಷ್ಟು ಸಲೀಸಾಗಿ ಬರೆದಿದ್ದ, ಪುಣ್ಯಾತ್ಮ. ಹದಿನೆಂಟು ಮೊಳದ ಸೀರೆಗೆ ಎಷ್ಟು ನೂಲು ಬೇಕೆಂದು ಗಂಡಸರಿಗೇನು ಗೊತ್ತು?

ಗೆಳತಿಯಿಂದ ಕೈಯಲ್ಲೇ ತಿರುಗಿಸಿ ನೂಲುವ ಒಂದು ತಕಲಿ, ಒಂದಿಷ್ಟು ಅರಳೆ ತಂದು ಅಟ್ಟದ ಮೇಲೆ ಕೂತು ನೂಲತೊಡಗಿದೆ. ತೆಗೆದದ್ದಕ್ಕಿಂತ ಹರಿದದ್ದೇ ಹೆಚ್ಚು. ನೂಲನ್ನು ಎಲ್ಲಿ ಬಚ್ಚಿಡುವುದು? ಅಪ್ಪ ಎಂದೂ ಕೈಹಾಕದ ಜಾಗ ಮನೆಯಲ್ಲಿ ಒಂದೇ ಇತ್ತು. ಅಜ್ಜಿಯ ಡಬ್ಬಿಯಲ್ಲಿ ಬತ್ತಿಗಳ ತಳಕ್ಕೆ ತುರುಕಿದೆ. ಕಳ್ಳಿಗೆ ಮಡಿಯ ನೆನಪು ಎಲ್ಲಿಂದ ಬರಬೇಕು? ತಿಂಗಳಾದ ಮೇಲೆ ಅಜ್ಜಿ ತಳ ಸೋಸಲು ಡಬ್ಬಿ ಬೋರಲು ಹಾಕಿದಳು. ಬತ್ತಿಗಳ ಜೊತೆ ನನ್ನ ನೂಲುಂಡೆಗಳೂ ಉರುಳಿದವು.

"ಇದರಾಗ ನೀ ಕೈ ಹಾಕಿದ್ದಿ?"

"ಹೂಂ."

"ಸ್ನಾನ ಮಾಡಿ ಹಾಕಿದ್ದಿ, ಇಲ್ಲಾ ಹಂಗss?"

ಅಜ್ಜಿಗೆ ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ. ಹಾಗೇ ಎಂದೆ. ಅವಳು ಗೋಡೆಗೆ ಆತು ಕೂತಳು. "ಎಂಬತ್ತು ಸಾವಿರದ ಮ್ಯಾಲ ಆಗಿದ್ವು" ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮೂರು ವರ್ಷದ ಬೆಳಗುಗಳನ್ನು ನಾನು ಹಾಳು ಮಾಡಿದ್ದೆ. ಅಳುತ್ತಲೇ ಗುರುವಾರದ ಹುಡುಗನ ಸಂಗತಿಯನ್ನೆಲ್ಲ ಹೇಳಿದೆ.

ಅಜ್ಜಿ ಉರುಳಿದ್ದ ಉಂಡೆಗಳಲ್ಲಿ ಒಂದನ್ನು ಎತ್ತಿಕೊಂಡಳು. ಆಮೇಲೆ ನನ್ನ ನೂಲನ್ನು ಬೆರಳಲ್ಲಿ ಹೊಸೆದು ನೋಡಿದಳು. "ಇದೇನು ನೂಲೋ, ಎಮ್ಮಿ ಕಟ್ಟೋ ಹಗ್ಗೋ?" ಎಂದು ಕೇಳಿ, ಬತ್ತಿಗಳ ಕಡೆ ಕೈ ತೋರಿಸಿದಳು. "ಇವು ಇನ್ನ ದೇವರಿಗೆ ನಡೆಯೂದಿಲ್ಲ. ಸೀರಿಗೆ ನಡೀತಾವ."

ಮರುದಿನ ಅಪ್ಪ ಕಚೇರಿಗೆ ಹೋದ ಮೇಲೆ ಹತ್ತಿ ಹಿಂಜುವ ಕಾಕಾ ಹಿತ್ತಲಿಗೆ ಬಂದ. "ಬತ್ತಿ ಹಿಂಜಾಕ ಕರದವರು ನೀವ ಮೊದಲನೇದವರು ನೋಡ್ರಿ, ಅಮ್ಮಾರ" ಎಂದು ನಗುತ್ತಲೇ ಎಂಬತ್ತು ಸಾವಿರ ಬತ್ತಿಗಳನ್ನು ಮತ್ತೆ ಅರಳೆ ಮಾಡಿಕೊಟ್ಟ. ಅಂದಿನಿಂದ ಅಜ್ಜಿಯೂ ನೂಲಲು ಕೂತಳು. ಜನಿವಾರದ ನೂಲು ತೆಗೆದು ಪಳಗಿದ ಕೈ ಅದು. ತಕಲಿ ಅವಳ ಕೈಯಲ್ಲಿದ್ದರೆ ಅಪ್ಪನಿಗೂ ಅನುಮಾನವಿಲ್ಲ. ಆದರೂ ಒಂದು ಸಂಜೆ ಕೇಳಿಯೇಬಿಟ್ಟರು, "ಅವ್ವಾ, ಇಷ್ಟು ಜನಿವಾರ ಯಾರಿಗೆ?"

"ನಿನಗss. ಅಂಜಿ ಅಂಜಿ ಬೆವತು ಲಗೂ ಹರಕೋತೀದಿ" ಎಂದಳು ಅಜ್ಜಿ.

ಬೆಳಗಿನ ಬತ್ತಿಯನ್ನೂ ಅವಳು ಬಿಡಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದಳು. ಹರಕೆ ಕೆಟ್ಟಿದ್ದಕ್ಕೆ ದೇವರು ಸಿಟ್ಟಾಗುವುದಿಲ್ಲವೇ ಎಂದು ಕೇಳಿದೆ. "ಛಲೋತಂಗ ಆಗ್ಲಿ ಅಂತ ಕೇಳಿದ್ದೆ. ವರಾ ಯಾರು ಅಂತ ನಾ ಹೇಳಲಿಲ್ಲ, ಅವನೂ ಕೇಳಲಿಲ್ಲ" ಎಂದಳು. ಆ ನಾಲ್ಕು ತಿಂಗಳು ನಾವಿಬ್ಬರೂ ನಕ್ಕಷ್ಟು ಆ ಮನೆಯಲ್ಲಿ ಯಾರೂ ಎಂದೂ ನಕ್ಕಿರಲಿಕ್ಕಿಲ್ಲ. ನೂಲು ಗುಟ್ಟಾಗಿ ಹಳೇ ಹುಬ್ಬಳ್ಳಿಯ ನೇಕಾರನ ಮನೆಗೆ ಹೋಯಿತು.

ಅವನು ಬಿಡುಗಡೆಯಾಗಿ ಬಂದದ್ದೂ ಗುರುವಾರವೇ. ಖಾದಿ ಅಂಗಿ, ಬಡಕಲು ಮೈ. ಅಜ್ಜಿ ಎದ್ದು ತಾನೇ ಬಡಿಸಿದಳು. ಊಟವಾದ ಮೇಲೆ ಅವನು ಅಪ್ಪನನ್ನು ನೇರವಾಗಿ ಕೇಳಿದ. ಅಪ್ಪ ಅಡಿಕೆ ಕತ್ತರಿಸುತ್ತ "ನೋಡೋಣಂತ" ಎಂದರು. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಎಂಟು ದಿನಕ್ಕೆ ಸೀರೆ ನೇಯ್ದು ಬಂತು. ಬೆಳಿಗ್ಗೆ ಅಜ್ಜಿ ಅದನ್ನು ಒಗೆದು, ಹಿತ್ತಲಲ್ಲೇ ಅರಿಷಿಣದ ನೀರಿಗೆ ಅದ್ದಿದಳು. ದಪ್ಪ ಖಾದಿ, ಹದಿನೆಂಟು ಮೊಳ, ಮೇಲೆ ನೀರಿನ ಭಾರ. ಒಂದು ತುದಿ ಹಿಡಿಯಲು ಹೋದರೆ ನನ್ನನ್ನು ಆಚೆ ಸರಿಸಿದಳು. ಕೋಟು, ರುಮಾಲು ಏರಿಸಿ ಕಚೇರಿಗೆ ಹೊರಟಿದ್ದ ಅಪ್ಪನನ್ನು ಕೂಗಿ ಕರೆದು ಹೇಳಿದಳು, "ಮಗಳ ಸೀರಿ ತಂದಿ ಹಿಂಡಬೇಕು." ಅಂಥ ಪದ್ಧತಿ ಯಾವ ಊರಲ್ಲೂ ಇಲ್ಲ. ಅಜ್ಜಿ ಆ ಕ್ಷಣಕ್ಕೆ ಹುಟ್ಟಿಸಿದ್ದು.

ಅಪ್ಪ ಸೀರೆ ನೋಡಿದರು. ಖಾದಿಯೆಂದು ಗುರುತಿಸಲು ಅವರಿಗೆ ಕನ್ನಡಕ ಬೇಕಿರಲಿಲ್ಲ. "ನಾ ಕಚೇರಿಗೆ ಹೊಂಟೀನಿ, ಅವ್ವಾ."

"ಹೋಗು. ನೀ ಬರೂತನಕ ನಾ ಹಿಂಗss ಹಿಡಕೊಂಡು ನಿಂತಿರ್ತೀನಿ."

ನಿಂತೇ ಇದ್ದಳು. ಎಪ್ಪತ್ತು ದಾಟಿದ ಕೈಗಳು ಸೀರೆಯ ಭಾರಕ್ಕೆ ಜಗ್ಗುತ್ತಿದ್ದವು. ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಅಪ್ಪ ಹೊಸಿಲ ಮೇಲೆ ನಿಂತವರು ಮೆಲ್ಲಗೆ ರುಮಾಲು ತೆಗೆದರು, ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು, ತುದಿ ಹಿಡಿಯಲು ಕೈಚಾಚಿದರು.

"ಮುಟ್ಟಬ್ಯಾಡ, ಮೈಲಗಿ ಆದೀತು. ಸ್ನಾನ ಮಾಡಿ ಬಾ."

ಅಪ್ಪ ಎರಡನೆಯ ಸಲ ಸ್ನಾನ ಮಾಡಿದರು. ಒದ್ದೆ ಪಂಚೆಯಲ್ಲೇ ಬಂದು ತುದಿ ಹಿಡಿದರು. ತಾಯಿ ಆ ಕಡೆ ತಿರುವಿದಳು, ಮಗ ಈ ಕಡೆ. ಅರಿಷಿಣದ ನೀರು ಇಬ್ಬರ ಪಾದದ ಮೇಲೂ ಹರಿಯಿತು.

"ನೌಕರಿ ಹೋದ್ರ?" ಎಂದು ಅಪ್ಪ ಕೇಳಿದರು.

"ಹೋದ್ರ ಇಬ್ಬರೂ ಕೂತು ಬತ್ತಿ ಹೊಸಿಯೋಣು. ನನ್ನವು ಇನ್ನೂ ಭಾಳ ಬಾಕಿ ಅವ."

ಅಪ್ಪ ನಕ್ಕುಬಿಟ್ಟರು. ನಾನು ಅಡುಗೆ ಮನೆಗೆ ಓಡಿ ಒಬ್ಬಳೇ ಅತ್ತೆ, ಸಂತೋಷಕ್ಕೆ.

ಉಳಿದದ್ದನ್ನು ಸಂಜೆ ಪಕ್ಕದ ಮನೆಯವರು ಬಂದು ಹೇಳಿದರು. ಅವರೂ ಅದೇ ಕಚೇರಿಯವರು. ಅಪ್ಪ ಅಂದು ಮೊದಲ ಸಲ ತಡವಾಗಿ ಹೋದರಂತೆ. ಸಾಹೇಬರು ಅವರ ಹಳದಿ ಕೈ ನೋಡಿ ಏನಿದು ಎಂದರಂತೆ. ಸಾಹೇಬರ ಎದುರು ಕೆಮ್ಮಲೂ ಅಂಜುತ್ತಿದ್ದ ನನ್ನಪ್ಪ ಎದ್ದು ನಿಂತು, ಇಡೀ ಕಚೇರಿಗೆ ಕೇಳುವಂತೆ ಹೇಳಿದರಂತೆ, "ಮಗಳ ಲಗ್ನ ಅದರಿ, ಸಾಹೇಬ್ರ. ಖಾದಿ ಸೀರಿ ಹಿಂಡಿ ಬಂದೀನಿ. ಭಾಳ ನೀರು ಹಿಡೀತದರಿ ಅದು."