ಮಂಟಪದ ಎರಡು ಗೂಡು

ಮಗಳು ಓದುವ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೋಣೆ ತುಂಬ ಅಸಿಟೋನ್ ವಾಸನೆ. ಚೆಲ್ಲಿದ ನೇಲ್ ಪಾಲಿಶ್ ಒರೆಸಲು ಹೋಗಿ ಮೇಜಿನ ಒಂದು ಮೂಲೆಯ ಹೊಳಪನ್ನೇ ಒರೆಸಿಬಿಟ್ಟಿದ್ದಳು.

ನನಗದು ಅಪ್ಪನ ವಾಸನೆ. ತಳೇಗಾಂವದ ಫೈಬರ್ ಕಾರ್ಖಾನೆಯಲ್ಲಿ ಕೈಗಂಟಿದ ರಾಳವನ್ನು ಅಪ್ಪ ಮನೆಗೆ ಬಂದು ಅಸಿಟೋನ್ ಹಚ್ಚಿ ತೆಗೆಯುತ್ತಿದ್ದ. ನನ್ನ ಅಂಗೈಗೂ ಒಂದು ಹನಿ ಬಿಡುತ್ತಿದ್ದ. ತಣ್ಣಗಾಯಿತು ಅನ್ನುವಷ್ಟರಲ್ಲಿ ಅದು ಆರಿ ಮಾಯ. ಅದಕ್ಕೆ ಹೋಗದ ಕಲೆಯೇ ಇಲ್ಲವೆಂದು ನಾನು ನಂಬಿದ್ದೆ.

ನಾನು ಮಗಳಷ್ಟೇ ಇದ್ದಾಗ ಒಂದು ವರ್ಷ ಗಣಪತಿಗೆಂದು ಅಪ್ಪ ಎಂಟು ಸಂಜೆ ಕೂತು ಥರ್ಮಾಕೋಲ್ ಮಂಟಪ ಕೊರೆದಿದ್ದ. ಚೌತಿಯ ಹಿಂದಿನ ದಿನ ಅದರ ಬಲಗಂಬದ ಮೇಲೆ ನನ್ನ ನೇಲ್ ಪಾಲಿಶ್ ಚೆಲ್ಲಿತು. ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿದೆ. ಬಣ್ಣದ ಜೊತೆ ಕಂಬವೂ ಕರಗಿ ಮುಷ್ಟಿಗಾತ್ರದ ಕುಳಿ ಬಿತ್ತು. ಅಪ್ಪ ಬರುವ ತನಕ ಅದನ್ನು ಮರೆಮಾಡಿ ನಿಂತೆ.

"ತುಸು ಸರಿ, ನೋಡೂಣು," ಎಂದ ಅಪ್ಪ.

ಅಡುಗೆಮನೆಯಿಂದ ಅವ್ವ, "ಏನಾತ್ರಿ?" ಎಂದಳು.

ಅಪ್ಪ ಕುಳಿಯೊಳಗೆ ಬೆರಳಾಡಿಸಿದ. "ಏನಿಲ್ಲ, ಗೂಡು ಮಾಡ್ಲಿಕ್ಕತ್ತೀವಿ," ಎಂದವನೇ ಎಡಗಂಬಕ್ಕೂ ಅಸಿಟೋನ್ ಹಚ್ಚಿ ಅಂಥದೇ ಕುಳಿ ಮಾಡಿದ. ಮರುದಿನ ಒಂದು ಗೂಡಿನಲ್ಲಿ ಇಲಿ ಕೂತಿತ್ತು, ಇನ್ನೊಂದರಲ್ಲಿ ಕಡುಬು. ಪಕ್ಕದ ಮನೆಯ ಮರಾಠಿ ಕಾಕು, ಇಂಥ ಮಖರ್, ಅಂದರೆ ಮಂಟಪ, ಎಲ್ಲಿ ಸಿಕ್ಕಿತೆಂದು ಅವ್ವನನ್ನು ಕೇಳಿದರು.

ಮಗಳ ಕೈಯಿಂದ ಹತ್ತಿ ತೆಗೆದುಕೊಂಡೆ.

"ತುಸು ಸರಿ, ನೋಡೂಣು," ಎಂದು ಮೇಜಿನ ಇನ್ನೊಂದು ಮೂಲೆಯನ್ನೂ ಒರೆಸಿದೆ.