ಮುಲಾಮು ಬಳಿದ ಬಾಗಿಲು

ಮೊಣಕಾಲಿಗೆಂದು ಮಗಳು ನೋವಿನ ಮುಲಾಮು ತಂದು ಮುಚ್ಚಳ ತೆರೆದಳು. ನಾನು ಎದ್ದು ಹಿತ್ತಲಿಗೆ ನಡೆದೆ. ನೋಯುವ ಕಾಲಿನಲ್ಲೂ ಅಷ್ಟು ಚುರುಕು ಕಂಡು ಅವಳು ನಕ್ಕಳು. ನೀವೂ ನಗಬಹುದು. ಈ ವಯಸ್ಸಿನಲ್ಲೂ ಆ ವಾಸನೆಗೆ ನನ್ನ ಕೈಕಾಲು ತಣ್ಣಗಾಗುತ್ತವೆ.

ಎಪ್ಪತ್ತರ ದಶಕದ ಆರಂಭ. ಸೊಲ್ಲಾಪುರದ ವಾಡೆಯಲ್ಲಿ ಒಂದೇ ಅಂಗಳದ ಸುತ್ತ ನಾಲ್ಕಾರು ಮನೆ. ನಮ್ಮದು ಬಟ್ಟೆ ಅಂಗಡಿಯವರ ಮನೆ. ಅವ್ವನಿಗೆ ಜ್ವರ ಬಂದು ಮೈತುಂಬ ಗುಳ್ಳೆ ಎದ್ದವು. ಸಿಡುಬು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ನೆರೆಯವರು ತಾವೇ ದೂರ ನಿಲ್ಲುತ್ತಿದ್ದರು. ಆದರೆ ಅಪ್ಪನ ತಾಯಿ, ನಮ್ಮ ಆಯಿ, ಕಟ್ಟಗೊಡಲಿಲ್ಲ. ಸುದ್ದಿ ಹಬ್ಬಿದರೆ ಅಂಗಡಿಗೆ ಯಾರು ಕಾಲಿಡುತ್ತಾರೆ? ಯಾರೂ ಬಾಯಿ ಬಿಡಬಾರದೆಂದು ತಾಕೀತಾಯಿತು. ಸಿಡುಬಿನ ದೇವಿಗೆ ಘಾಟು ಆಗದೆಂದು ಒಗ್ಗರಣೆಯೂ ನಿಂತಿತು.

ಎದುರುಮನೆಯ ಗಂಗಕ್ಕ ಮಾತ್ರ ದಿನಾ ಬೆಳಿಗ್ಗೆ ತನ್ನ ಹಸುಗೂಸನ್ನು ಅವ್ವನ ಮಡಿಲಲ್ಲಿ ಬಿಟ್ಟು ನೀರಿಗೆ ಹೋಗುವವಳು. ಅವಳು ಬರುವ ಹೊತ್ತಾಯಿತು. ಅವ್ವ ನನ್ನಿಂದ ಮುಲಾಮು ತರಿಸಿಕೊಂಡಳು. ತಲೆನೋವೆಂದುಕೊಂಡೆ. ಅವಳು ಗೋಡೆ ಹಿಡಿದು ಎದ್ದು, ಡಬ್ಬಿಯನ್ನೆಲ್ಲ ಬಾಗಿಲ ಚೌಕಟ್ಟಿಗೆ ಬಳಿದುಬಿಟ್ಟಳು.

ಆಯಿ ಓಡಿ ಬಂದಳು. "ದೇವಿ ಸಿಟ್ಟಾಗ್ತಾಳ. ಮನಿ ಉಳಿಯಂಗಿಲ್ಲ."

"ಅಕಿ ಸಿಟ್ಟು ನನ್ನ ಮ್ಯಾಲ ಇರ್ಲಿರಿ," ಎಂದಳು ಅವ್ವ. "ಆ ಕೂಸು ಭಾಳ ಸಣ್ಣದದ."

ಗಂಗಕ್ಕ ಅಂಗಳದ ನಡುವೆ ನಿಂತಳು. ವಾಸನೆ ಹಿಡಿದಳು. ಅಂಗಳದವರೆಗೂ ಬರುವ ಮುಲಾಮಿನ ಘಾಟೆಂದರೆ ಒಳಗೆ ದೊಡ್ಡ ಬೇನೆಯೇ ಇದೆ ಎಂದು ಅವಳಿಗೆ ತಿಳಿಯಿತು. ಕೂಸಿನ ಮೇಲೆ ಸೆರಗು ಎಳೆದು ಹಿಂದಿರುಗಿದಳು. ಅವಳ ಬಾಗಿಲ ಅಗುಳಿ ಬಿತ್ತು. ಆಮೇಲೆ ಪಕ್ಕದ ಮನೆಯದು, ಅದರಾಚೆಯದು. ಇನ್ನು ನಮ್ಮನ್ನು ಕೇಳುವವರಿಲ್ಲ ಎಂದು ನನ್ನ ಎದೆ ಒಡೆಯಿತು. ಕೊನೆಯ ಅಗುಳಿ ಬಿದ್ದಾಗ ಅವ್ವ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಳು. ಸತ್ತಳೆಂದು ಚೀರಿದೆ.

ಸಾಯಲಿಲ್ಲ. ಮುಖದ ತುಂಬ ಕಲೆ ಹೊತ್ತು ಎದ್ದಳು. ಕೂಸೂ ಉಳಿಯಿತು. ಭಯ ಮಾತ್ರ ನನ್ನ ಮೂಗಿನಲ್ಲೇ ಮನೆ ಮಾಡಿತು.

ಅಕ್ಕಲಕೋಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮಗಳು ಇದನ್ನು ಇಂದು ಹಿತ್ತಲಲ್ಲಿ ನಿಂತು ಕೇಳಿದಳು. ಆಮೇಲೆ ತನ್ನ ಪಾಠ ತೆಗೆದಳು. ರೋಗ ತಗುಲಿದ ತಂಬಾಕಿನ ಎಲೆ ತನ್ನೊಳಗೆ ಒಂದು ಆಮ್ಲ ಕಟ್ಟುತ್ತದಂತೆ. ಅದರ ಒಂದು ಪಾಲು ರೂಪ ಬದಲಿಸಿ ಗಾಳಿಗೆ ಹಾರುತ್ತದೆ. ಮುಲಾಮಿನದೂ ಅದೇ ವಾಸನೆ. ನೆರೆಯ ಗಿಡ ಅದನ್ನು ಹೀರಿ ಮತ್ತೆ ಆಮ್ಲ ಮಾಡಿಕೊಂಡು, ರೋಗ ಬರುವ ಮೊದಲೇ ಅದನ್ನು ತಡೆಯುವ ಪ್ರೋಟೀನು ತಯಾರಿಸುತ್ತದೆ.

"ಮತ್ತ ರೋಗ ಬಿದ್ದ ಆ ಎಲಿ?" ಎಂದೆ.

"ಅದು ಉಳದರ ಉಳೀತದ, ಇಲ್ಲಂದ್ರ ಇಲ್ಲವ್ವಾ. ಬಾಜೂದವಕ್ಕ ಮಾತ್ರ ಹೇಳಿರ್ತದ."

ಒಳಗೆ ಬಂದು ಡಬ್ಬಿ ಮೂಸಿದೆ. ಕೈ ಈಗಲೂ ತಣ್ಣಗಾಯಿತು. ಆದರೆ ಅಗುಳಿಗಳು ಒಂದೊಂದಾಗಿ ಬೀಳುವ ಸದ್ದನ್ನು ಅವ್ವ ಎಷ್ಟು ಆಸೆಯಿಂದ ಕಾದು ಕೇಳಿದ್ದಳು, ಕೊನೆಯದು ಬಿದ್ದ ಮೇಲೆ ಎಷ್ಟು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ್ದಳು ಎಂಬುದು ನನಗೆ ತಿಳಿದದ್ದು ಇಂದು.